ಅವಿಲ್ ಮಾತ್ರೆ ಇಲ್ಲದಿದ್ದರೆ ಅಪ್ಪನಿಗೆ ನಿದ್ದೆಯೇ ಇಲ್ಲ, ಹೇಗೆ ಬಿಡಿಸೋದು?

ದಾವಣಗೆರೆ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ. ಮೆಕ್ಕೆಜೋಳದ ಹೊಲ ಇದೆ, ಈಗಲೂ ಬೆಳಗ್ಗೆ ಎದ್ದು ಬದುವಿನ ಮೇಲೆ ಓಡಾಡಿ ಬರುತ್ತಾರೆ. ಕತ್ತು, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಶುರುವಾಗಿ ಎಷ್ಟೋ ವರ್ಷ ಆಯ್ತು. ಆಗ ಮೆಡಿಕಲ್ ಶಾಪಿನಲ್ಲಿ ಅವಿಲ್ ಕೊಟ್ಟರು. ತುರಿಕೆ ಪೂರ್ತಿ ಹೋಗಲಿಲ್ಲ, ಆದರೆ ನಿದ್ದೆ ಬಂತು. ಅಷ್ಟೇ, ಅವತ್ತಿಂದ ಅದು ನಿದ್ದೆ ಮಾತ್ರೆ ಆಗಿಹೋಯ್ತು. ಮೊದಲು ಒಂದು, ಈಗ ಎರಡು. ಸ್ಟ್ರಿಪ್ ಯಾವಾಗಲೂ ಕನ್ನಡಕದ ಡಬ್ಬಿಯಲ್ಲೇ ಇರುತ್ತದೆ.

ಒಂದು ರಾತ್ರಿ ಅಮ್ಮ ಅದನ್ನು ಬಚ್ಚಿಟ್ಟರು. ಅಪ್ಪ ಬೆಳಗಿನವರೆಗೂ ಮಂಚದ ಮೇಲೆ ಕೂತು ಬಾಚಣಿಗೆಯಲ್ಲಿ ಕತ್ತು ಕೆರೆದುಕೊಂಡರು, ಚರ್ಮ ಕಿತ್ತು ರಕ್ತ ಬಂತು. ಇತ್ತೀಚೆಗೆ ಬಾಯಿ ಒಣಗುತ್ತದೆ, ಮೋಷನ್ ಸರಿಯಾಗಿ ಆಗಲ್ಲ, ಮೂತ್ರಕ್ಕೆ ಹೋದರೆ ತುಂಬಾ ಹೊತ್ತು ನಿಂತಿರುತ್ತಾರೆ. ಬೆಳಗ್ಗೆ ಹೇಳಿದ್ದನ್ನೇ ಸಂಜೆ ಮತ್ತೆ ಕೇಳುತ್ತಾರೆ. "ಚೀಟಿ ಇಲ್ಲದೆ ಸಿಗೋ ಮಾತ್ರೆ, ಅದರಿಂದ ಏನಾಗುತ್ತೆ" ಅಂತಾರೆ. ನಮ್ಮ ಚಿಕ್ಕಪ್ಪನ ಮಗ ಇದರ ಬದಲು ಆಲ್ಪ್ರಾಕ್ಸ್ ಅನ್ನೋ ಮಂಪರು ಮಾತ್ರೆ ಕೊಡಿ ಅಂತಿದ್ದಾನೆ. ಏನು ಮಾಡಲಿ?

ಹುಬ್ಬಳ್ಳಿ_ಫಾರ್ಮಸಿಸ್ಟ್

ಅಕ್ಕಾ, ಆಲ್ಪ್ರಾಕ್ಸ್ ಮಾತ್ರ ಖಂಡಿತ ಬೇಡ. ಅದು ಶೆಡ್ಯೂಲ್ ಎಚ್1 ಔಷಧಿ. ಡಾಕ್ಟರ್ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ, ಕೊಟ್ಟರೆ ಹೆಸರು ಸಮೇತ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಅಭ್ಯಾಸವಾದ ಮೇಲೆ ಅದನ್ನು ಬಿಡಿಸೋದು ಅವಿಲ್‌ಗಿಂತ ಕಷ್ಟ. ವಯಸ್ಸಾದವರು ರಾತ್ರಿ ಎದ್ದಾಗ ಬೀಳೋ ಭಯವೂ ಜಾಸ್ತಿ.

ಇನ್ನು ಅವಿಲ್. ಅದರಲ್ಲಿರೋದು ಫೆನಿರಮೈನ್, ಹಳೇ ಕಾಲದ ಅಲರ್ಜಿ ಔಷಧಿ. ಇದು ಮೆದುಳಿಗೂ ಹೋಗುತ್ತದೆ, ಅದಕ್ಕೇ ಮಂಪರು. ಜೊತೆಗೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸವನ್ನೂ ತಡೆಯುತ್ತದೆ. ಬಾಯಲ್ಲಿ ಜೊಲ್ಲು ಬರೋದು, ಕರುಳು ಓಡೋದು, ಮೂತ್ರಚೀಲ ಹಿಂಡೋದು, ನೆನಪು ಉಳಿಯೋದು ಇದಕ್ಕೆಲ್ಲ ಅದು ಬೇಕು. ನೀವು ಬರೆದ ತೊಂದರೆ ಒಂದೊಂದೂ ಇದಕ್ಕೆ ಹೊಂದುತ್ತದೆ ನೋಡಿ. ವಯಸ್ಸಾಯ್ತು, ಮರೆವು ಬಂತು ಅಂತ ಸುಮ್ನೆ ಬಿಡಬೇಡಿ. 65 ದಾಟಿದವರಿಗೆ ಈ ಜಾತಿಯ ಹಳೇ ಮಾತ್ರೆಗಳನ್ನು ಆದಷ್ಟು ಕೊಡಬೇಡಿ ಅಂತ ಅಮೆರಿಕದ ವೃದ್ಧರೋಗ ತಜ್ಞರ ಬಿಯರ್ಸ್ ಪಟ್ಟಿಯಲ್ಲಿ ಎಷ್ಟೋ ವರ್ಷದಿಂದ ಇದೆ.

ಇನ್ನೊಂದು ಮುಖ್ಯ ವಿಷಯ. ನೆಗಡಿ ಆದಾಗ ಅಂಗಡಿಯಿಂದ ತರೋ ಮಾತ್ರೆ, ಕೆಮ್ಮಿನ ಸಿರಪ್, ಇವುಗಳ ಹಿಂದೆ ಏನು ಬರೆದಿದೆ ಓದಿ. ತುಂಬಾ ಕಡೆ ಅವಿಲ್ ಜಾತಿಯದೇ ಆದ ಕ್ಲೋರ್‌ಫೆನಿರಮೈನ್ ಇರುತ್ತದೆ. ಅವಿಲ್ ಜೊತೆ ಅದೂ ಸೇರಿದರೆ ಡೋಸ್ ಡಬಲ್ ಆದ ಹಾಗೆ. ಪ್ರಾಸ್ಟೇಟ್ ದಪ್ಪ ಆಗಿರೋ ಗಂಡಸರಿಗೆ ಒಂದೇ ರಾತ್ರಿಯಲ್ಲಿ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮೈಸೂರು_ಚರ್ಮವೈದ್ಯೆ

ಕತ್ತು, ರೆಪ್ಪೆ, ಮೊಣಕೈ ಮಡಿಕೆ, ಅದೂ ಹೊಲದಲ್ಲಿ ಓಡಾಡುವವರು ಅಂದ ತಕ್ಷಣ ನನಗೆ ನೆನಪಾಗೋದು ಬದುವಿನ ಮೇಲಿನ ಕಾಂಗ್ರೆಸ್ ಗಿಡ, ಅಂದ್ರೆ ಪಾರ್ಥೇನಿಯಂ. ನೋಡದೆ ಇದೇ ಅಂತ ಹೇಳಲಾರೆ, ಆದರೆ ಇದು ಹೌದೋ ಅಲ್ಲವೋ ಅಂತ ನೋಡಿಸಲೇಬೇಕು. ಅದರ ಒಣಗಿದ ಪುಡಿ ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಜಾಗದಲ್ಲಿ ಕೂರುತ್ತದೆ.

ಅವಿಲ್ ತಡೆಯೋದು ಮೈಯಲ್ಲಿ ತುರಿಕೆ ತರೋ ಹಿಸ್ಟಮಿನ್ ಅನ್ನೋ ರಾಸಾಯನಿಕವನ್ನು. ಈ ಥರದ ಅಲರ್ಜಿಗೆ ಅದು ಮುಖ್ಯ ಕಾರಣ ಅಲ್ಲ. ಹಾಗಾಗಿ ಅವಿಲ್ ಎಷ್ಟು ತಿಂದರೂ ಬುಡಕ್ಕೆ ಮದ್ದಾಗಲ್ಲ. ಮಂಪರಿನಲ್ಲಿ ತುರಿಕೆ ಗೊತ್ತಾಗಲ್ಲ, ಅಷ್ಟೇ. ನಿಮ್ಮ ತಂದೆಯವರ ಹಟ ಅಂತ ದಯವಿಟ್ಟು ತಿಳಿಯಬೇಡಿ. ತುರಿಕೆ ಹಾಗೇ ಇದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತೆ? ಮೊದಲು ಚರ್ಮ ವಾಸಿಯಾಗಲಿ. ಡಾಕ್ಟರ್ ನೋಡಿ ಬರೆದುಕೊಡೋ ಸ್ಟೀರಾಯ್ಡ್ ಮುಲಾಮು, ತುಂಬು ತೋಳಿನ ಅಂಗಿ, ಹೊಲದಿಂದ ಬಂದ ಕೂಡಲೇ ಸ್ನಾನ, ಆ ಬಟ್ಟೆ ಬೇರೆ ಒಗೆಯೋದು. ಆಮೇಲೆ ಅದೇ ಡಾಕ್ಟರ್ ಹತ್ತಿರ ಅವಿಲ್ ನಿಧಾನವಾಗಿ ಇಳಿಸೋ ಲೆಕ್ಕ ಕೇಳಿ. ಬಚ್ಚಿಡೋದು ಬೇಡ.

ಶೀನಿನ_ಸಂಗಾತಿ

ನಾನು ಬೆಂಗಳೂರಲ್ಲಿದ್ದೀನಿ, ಧೂಳಿಗೆ ಶೀನು. ಸಿಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ ದಿನಾ ತಗೊಳ್ತಿದ್ದೆ. ನಿಲ್ಲಿಸಿದ ಮಾರನೇ ದಿನದಿಂದಲೇ ಮೈಯೆಲ್ಲ ತುರಿಕೆ, ಅಂಗೈ ಅಂಗಾಲಿನಲ್ಲೂ. ನನಗೆ ಮೊದಲು ಇದ್ದಿದ್ದು ಶೀನು ಮಾತ್ರ! ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಗುತ್ತೆ ಅಂತ ಯಾರೂ ನಂಬಲಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು. ಸಿಟ್ರಿಜಿನ್, ಲಿವೋಸಿಟ್ರಿಜಿನ್ ತುಂಬಾ ದಿನ ತಗೊಂಡು ನಿಲ್ಲಿಸಿದರೆ ಜೋರು ತುರಿಕೆ ಬರಬಹುದು, ಅಪರೂಪ ಆದರೂ ಬರುತ್ತದೆ ಅಂತ. ನನ್ನ ಡಾಕ್ಟರ್ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು, ಮಾತ್ರೆಯನ್ನು ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ ಅಂತ ಇಳಿಸಿದರು. ಹಾಗಾಗಿ ಅವಿಲ್ ಬದಲು ಸಿಟ್ರಿಜಿನ್ ಅಂತ ನೀವೇ ಬದಲಾಯಿಸಬೇಡಿ, ಡಾಕ್ಟರನ್ನೇ ಕೇಳಿ.

ಹುಬ್ಬಳ್ಳಿ_ಫಾರ್ಮಸಿಸ್ಟ್

ನಿದ್ದೆ ಬಗ್ಗೆ ಒಂದು ಮಾತು ಬಿಟ್ಟುಹೋಯ್ತು. ಇಂಥ ಮಾತ್ರೆಗಳ ಮಂಪರಿಗೆ ಮೈ ಬೇಗ ಒಗ್ಗಿಕೊಳ್ಳುತ್ತದೆ, ಒಂದು ಎರಡಾಗೋದು ಅದಕ್ಕೇ. ಇಳಿಸುವಾಗ ಕೆಲವು ರಾತ್ರಿ ನಿದ್ದೆ ಕೆಡುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿಡಿ. ಮಧ್ಯಾಹ್ನ ಊಟ ಆದ ಮೇಲೆ ಗಂಟೆಗಟ್ಟಲೆ ಮಲಗೋ ಅಭ್ಯಾಸ ಇದ್ದರೆ ಅದನ್ನು ಕಡಿಮೆ ಮಾಡಿಸಿ. ರಾತ್ರಿ ಎಷ್ಟು ಕೆಟ್ಟರೂ ಬೆಳಗ್ಗೆ ಏಳೋ ಹೊತ್ತು ಬದಲಾಗಬಾರದು.

ದಾವಣಗೆರೆ_ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಬರೆದಿದ್ದನ್ನು ಅಪ್ಪನಿಗೇ ಓದಿ ಹೇಳಿದೆ. ಮಾತ್ರೆ ಬಿಡಿ ಅಂದರೆ ಸಿಟ್ಟಾಗುವವರು, ತುರಿಕೆಗೆ ತೋರಿಸೋಣ ಅಂದಿದ್ದಕ್ಕೆ ಒಪ್ಪಿಕೊಂಡರು. ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗ್ತಿದ್ದೀವಿ. ಅಲರ್ಜಿ ಟೆಸ್ಟ್ ಅಂದರೆ ಅವಿಲ್ ಮೊದಲೇ ನಿಲ್ಲಿಸಬೇಕಾ ಮೇಡಂ? ಆ ರಾತ್ರಿಗಳೇ ನಮಗೆ ಭಯ.

ಮೈಸೂರು_ಚರ್ಮವೈದ್ಯೆ

ಸೂಜಿ ಚುಚ್ಚಿ ಮಾಡೋ ಪ್ರಿಕ್ ಟೆಸ್ಟ್ ಆದರೆ ಕೆಲವು ದಿನ ಮುಂಚೆ ನಿಲ್ಲಿಸಬೇಕು. ಇವರಿಗೆ ಬೇಕಾಗೋದು ಸಾಮಾನ್ಯವಾಗಿ ಪ್ಯಾಚ್ ಟೆಸ್ಟ್. ಅದಕ್ಕೆ ಅವಿಲ್ ಅಡ್ಡಿ ಇಲ್ಲ, ಧೈರ್ಯವಾಗಿರಿ. ಸ್ಟೀರಾಯ್ಡ್ ಮಾತ್ರೆ ಏನಾದರೂ ತಗೊಳ್ತಿದ್ದರೆ ಮಾತ್ರ ಮೊದಲೇ ಹೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಆ ಎರಡು ದಿನ ಹೊಲಕ್ಕೆ ಬೇರೆ ಯಾರನ್ನಾದರೂ ಕಳಿಸಿ. ಕನ್ನಡಕದ ಡಬ್ಬಿಯಲ್ಲಿರೋ ಸ್ಟ್ರಿಪ್ ಜೊತೆ ಮನೆಯಲ್ಲಿರೋ ಎಲ್ಲ ಮಾತ್ರೆ, ಸಿರಪ್ ಒಂದು ಚೀಲದಲ್ಲಿ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಮೂತ್ರದ ತೊಂದರೆ, ಮರೆವು ಎರಡನ್ನೂ ಅವರ ಹತ್ತಿರ ನೀವೇ ಹೇಳಿ, ಗಂಡಸರು ಅದನ್ನು ತಾವಾಗಿ ಹೇಳೋದು ಕಡಿಮೆ.