'ವಾಸ್' ಇದ್ದ ಕಡೆ 'ಸಾ' ಅಂತ ಓದುವ ಮಗ: ನಿಮ್ಮ ಅನುಭವ ಹೇಳಿ

ತುಮಕೂರಿನಿಂದ ಒಬ್ಬ ತಾಯಿ ಕೇಳಿದ್ದು:
ಮಗ ಎರಡನೇ ಕ್ಲಾಸ್. ಕನ್ನಡ ಸರಾಗವಾಗಿ ಓದುತ್ತಾನೆ. ಇಂಗ್ಲಿಷಿನಲ್ಲಿ ಮಾತ್ರ 'ವಾಸ್' (was) ಇದ್ದರೆ 'ಸಾ' (saw) ಅನ್ನುತ್ತಾನೆ, 'ಹೂ' (who) ಇದ್ದರೆ 'ಹೌ' (how). 'ಆನ್' ಹೋಗಿ 'ನೋ' ಆಗುತ್ತದೆ. ಅಕ್ಷರ ಎಲ್ಲ ಅವೇ, ಅರ್ಥ ಬೇರೆ. ನೀವೆಲ್ಲ ಹೇಗೆ ಕಲಿಸಿದಿರಿ?

ಮುಳಬಾಗಿಲಿನ ಪ್ರೈಮರಿ ಟೀಚರ್:
ಮೇಡಂ, ಗಾಬರಿ ಬೇಡ. ಈ ವಯಸ್ಸಿನಲ್ಲಿ ತುಂಬ ಮಕ್ಕಳು ಹೀಗೆ ಓದುತ್ತಾರೆ. ಎರಡು ಪದವನ್ನೂ ಅಕ್ಕಪಕ್ಕ ಬರೆದು 'ವ್ಯತ್ಯಾಸ ಹೇಳು' ಅನ್ನುವುದನ್ನು ಮೊದಲು ನಿಲ್ಲಿಸಿ. ಜೊತೆಗೆ ಕಲಿತದ್ದು ಜೊತೆಗೇ ನೆನಪಿಗೆ ಬರುತ್ತದೆ, ಯಾವುದು ಯಾವುದೋ ಗೊತ್ತಾಗುವುದಿಲ್ಲ. ಒಂದು ವಾರ ಬರೀ 'ವಾಸ್'. ಅದು ಗಟ್ಟಿಯಾದ ಮೇಲೆ 'ಸಾ'. ಬಿಡಿ ಪದ ಬೇಡ, ಪೂರ್ತಿ ವಾಕ್ಯ ಹೇಳಿಸಿ. ಅಜ್ಜಿ ಮನೆಯಲ್ಲಿ 'ಇದ್ದರು' ಅನ್ನಲು ವಾಸ್, ನಾನು ನವಿಲು 'ನೋಡಿದೆ' ಅನ್ನಲು ಸಾ. 'ಸಾ'ಗೆ ಗರಗಸ ಅಂತಲೂ ಅರ್ಥ ಇದೆ, ಅದನ್ನು ಸದ್ಯಕ್ಕೆ ಎತ್ತಲೇಬೇಡಿ.

ಕನ್ನಡದಲ್ಲೂ 'ರಸ' ತಿರುಗಿಸಿದರೆ 'ಸರ', 'ಗಜ' ತಿರುಗಿಸಿದರೆ 'ಜಗ'. ಮಕ್ಕಳು ತಡವರಿಸುವುದಿಲ್ಲ, ಯಾಕಂದರೆ ನಮ್ಮ ಅಕ್ಷರ ಎಲ್ಲಿ ಕೂತರೂ ಅದೇ ಶಬ್ದ. ಇಂಗ್ಲಿಷಿನ 'ಎ' ವಾಸ್‌ನಲ್ಲಿ ಒಂದು ಥರ, ಕ್ಯಾಟ್‌ನಲ್ಲಿ ಇನ್ನೊಂದು ಥರ. ಹಾಗಾಗಿ ಮಗು ಕೂಡಿಸಿ ಓದುವುದನ್ನು ಬಿಟ್ಟು, ಪದದ ಆಕಾರ ನೋಡಿ ಊಹೆ ಮಾಡುತ್ತದೆ. ಎಡಗಡೆಯಿಂದ ಬೆರಳಿಟ್ಟು ಓದಿಸಿ. ಮೊದಲ ಅಕ್ಷರದ ಶಬ್ದ ಬಾಯಿಗೆ ಬಂದ ಮೇಲೇ ಬೆರಳು ಮುಂದಕ್ಕೆ ಹೋಗಲಿ.

'ಹೂ'ಗೆ ಈ ಉಪಾಯ ನಡೆಯುವುದಿಲ್ಲ, ಅದರಲ್ಲಿ ಡಬ್ಲ್ಯುಗೆ ಶಬ್ದವೇ ಇಲ್ಲ. ಅದನ್ನು ವಾಟ್, ವೇರ್, ವೆನ್, ವೈ ಜೊತೆ ಸೇರಿಸಿ ಕಲಿಸಿ. ಇವೆಲ್ಲ ಡಬ್ಲ್ಯು-ಎಚ್‌ನಿಂದಲೇ ಶುರು, 'ಹೌ' ಒಂದೇ ಬೇರೆ. ಇದನ್ನು ಮಾತ್ರ ಬೇಗ ಸರಿ ಮಾಡಿ. 'ಯಾರು' ಅಂತ ಕೇಳಿದ್ದಕ್ಕೆ 'ಹೇಗೆ' ಅಂತ ಬರೆದು, ಪಾಠ ಪೂರ್ತಿ ಗೊತ್ತಿದ್ದ ಮಗು ಮಾರ್ಕ್ಸ್ ಕಳೆದುಕೊಂಡಾಗ ಕರುಳು ಚುರುಕ್ ಅನ್ನುತ್ತದೆ.

ಚಿಂತಾಮಣಿ ಕಡೆಯ ಒಬ್ಬ ತಂದೆ:
ನಮ್ಮದು ಹಸು ಸಾಕುವ ಮನೆ. 'ಡೈರಿಗೆ ಹಾಲು ಹಾಕಿ ಬಾ' ಅಂತ ದಿನಾ ಎರಡು ಹೊತ್ತು ಹೇಳುತ್ತೇವೆ. ಮಗಳು ಹಾಲಿನ ಡೈರಿಗೆ ದಿನಚರಿಯ ಸ್ಪೆಲ್ಲಿಂಗನ್ನೇ ಬರೆಯುತ್ತಿದ್ದಳು. ಅವಳ ತಪ್ಪೇನಿದೆ? ನಾವು ಎರಡನ್ನೂ ಒಂದೇ ಥರ ಕರೆಯುತ್ತೇವೆ. ಹಾಲಿನದು ಡಿ ಎ ಐ ಆರ್ ವೈ, ಇಂಗ್ಲಿಷಿನಲ್ಲಿ 'ಡೇರಿ'. ದಿನಚರಿ ಡಿ ಐ ಎ ಆರ್ ವೈ. ಹಾಲಿನದರ ನಡುವೆ 'ಏರ್' ಇದೆ, ಅಂದರೆ ಗಾಳಿ. ಅದನ್ನು ತೋರಿಸಿದ ಮೇಲೆ ಹಿಡಿದುಕೊಂಡಳು. 'ಕೀಪ್ ಕ್ವೈಟ್' ಅನ್ನುವುದೂ ಹೀಗೇ. ಸುಮ್ಮನಿರು ಅನ್ನಲು 'ಕ್ವೈಯಟ್' ಅಂತ ಬಿಡಿಸಿ ಹೇಳಬೇಕು. 'ಕ್ವೈಟ್' ಅಂದರೆ ಸಾಕಷ್ಟು, ತಕ್ಕಮಟ್ಟಿಗೆ ಅಂತ.

ಗೌರಿಬಿದನೂರು:
ಲೀವ್ ಲೆಟರ್ ನೋಡಿ! ಮೇಲ್ಗಡೆ 'ಫ್ರಮ್' ಬರೆಯುವ ಕಡೆ 'ಫಾರ್ಮ್' ಅಂತಲೇ ಬರೆದಿರುತ್ತಾರೆ. ಹೈಸ್ಕೂಲಿನವರೂ.

ತಿಪಟೂರಿನ ಒಬ್ಬ ಅಕ್ಕ:
ಟೀಚರ್ ಹೇಳಿದ್ದು ಸರಿ. ಆದರೆ ಪದ ಗಟ್ಟಿಯಾದ ಮೇಲೆ ಒಟ್ಟಿಗೆ ಆಡಿಸಿದರೆ ಮಕ್ಕಳಿಗೆ ಖುಷಿಯೋ ಖುಷಿ. ರಟ್ಟಿನ ಚೂರುಗಳ ಮೇಲೆ ಇ, ಎ, ಟಿ ಬರೆದು ಕೊಡಿ. ಜೋಡಿಸಿದರೆ ಈಟ್, ಏಟ್, ಟೀ: ತಿನ್ನು, ತಿಂದ, ಕುಡಿಯುವ ಟೀ. ದೊಡ್ಡವರಿಗೆ ಪಿ, ಒ, ಎಸ್, ಟಿ ಕೊಡಿ. ಪೋಸ್ಟ್, ಸ್ಟಾಪ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್, ಆರು ಪದ ಸಿಗುತ್ತವೆ. ಅರ್ಥ ಹೇಳಿದರೆ ಮಾತ್ರ ಪಾಯಿಂಟ್ ಅಂತ ನಿಯಮ ಇಡಿ.

ಕೋಲಾರದಿಂದ ಇನ್ನೊಬ್ಬರು:
ಒಂದು ಮಾತು ಸೇರಿಸುತ್ತೇನೆ. ಮೂರನೇ ಕ್ಲಾಸ್ ದಾಟಿದ ಮೇಲೂ ಹೀಗೇ ಇದ್ದು, ಓದು ಅಂದರೆ ಅಳುವಂತಾದರೆ ಸುಮ್ನೆ ಬೈಯಬೇಡಿ. ಮೊದಲು ಕಣ್ಣು ತೋರಿಸಿ. ಕಣ್ಣು ಸರಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ, ಅಲ್ಲಿ ವಿಚಾರಿಸಿ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸೇರಿಸಿದ್ದಾರೆ. ಹೋಗುವಾಗ ಮಗುವಿನ ಕನ್ನಡ, ಇಂಗ್ಲಿಷ್ ಎರಡೂ ನೋಟ್‌ಬುಕ್ ತೆಗೆದುಕೊಂಡು ಹೋಗಿ.