ಹಳೇ 60 ಪಿನ್ ಟಿವಿ ಗೇಮ್: ಮ್ಯೂಸಿಕ್ ಸರಿ, ಚಿತ್ರ ಚಿಂದಿ

ಅಟ್ಟದಪೆಟ್ಟಿಗೆ:
ತೊಂಬತ್ತರ ದಶಕದ ಫ್ಯಾಮಿಕಾಂ ಕ್ಲೋನ್ (ನಿಂಟೆಂಡೊ ಟಿವಿ ಗೇಮಿನ ನಕಲು), 60 ಪಿನ್ನಿನ ಹಳದಿ ಕ್ಯಾಸೆಟ್‌ಗಳು. ಮೂಲ ಅಡಾಪ್ಟರ್ ಇಲ್ಲ, ಬೇರೊಂದು ಹಾಕಿದೆ. ಮಾರಿಯೋ ಹಾಕಿದರೆ ಮ್ಯೂಸಿಕ್ ಸರಿ, ಚಿತ್ರ ಮಾತ್ರ ಚೂರುಚೂರು. ಇನ್ನೊಂದು ಕ್ಯಾಸೆಟ್‌ಗೆ ಬರೀ ಬೂದು ಪರದೆ. ರಿಮೋಟಿನ ಎ ಒತ್ತಿದರೆ ಜಿಗಿಯಲ್ಲ, ಟರ್ಬೊ ಎ (ಎ ಅನ್ನೇ ಪಟಪಟ ಒತ್ತಿದಂತೆ ಮಾಡೋ ಬಟನ್) ಒತ್ತಿದರೆ ಜಿಗಿಯುತ್ತೆ. ಎಲ್‌ಇಡಿ ಟಿವಿಯಲ್ಲಿ ಡಕ್ ಹಂಟ್ ಆಡಿದರೆ ಗನ್ ಒಂದು ಬಾತುಕೋಳಿಗೂ ತಾಗ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸೋಲ್ಡರ್_ಹೊಗೆ:
ಅಡಾಪ್ಟರಿನಿಂದ. 1983ರ ಜಪಾನಿ ಫ್ಯಾಮಿಕಾಂಗೆ ನಡುವಿನ ಪಿನ್ ಮೈನಸ್, 850 ಮಿಲಿಆಂಪ್. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ನಡು ಪ್ಲಸ್. ಕ್ಲೋನ್‌ಗಳಲ್ಲಿ ಎರಡೂ ಥರ ಇವೆ, ಜ್ಯಾಕ್ ಪಕ್ಕದ ಗುರುತು ನೋಡದೆ ಯಾವುದನ್ನೂ ಚುಚ್ಚಬೇಡಿ. ನಿಮ್ಮದರಲ್ಲಿ ಮ್ಯೂಸಿಕ್ ಬರ್ತಿರೋದರಿಂದ ಪ್ಲಸ್ ಮೈನಸ್ ಸರಿಯಿದೆ ಅನ್ನಿ.

ಕ್ಯಾಸೆಟ್ ಹಾಕಿ ಆನ್ ಇಟ್ಟೇ 7805 (ವೋಲ್ಟೇಜನ್ನು 5ಕ್ಕೆ ಇಳಿಸೋ ಮೂರು ಕಾಲಿನ ಐಸಿ) ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಕ್ಷರ ನಿಮ್ಮ ಕಡೆ ಇದ್ದರೆ ಎಡಗಾಲು ಇನ್‌ಪುಟ್, ನಡು ಗ್ರೌಂಡ್, ಬಲ ಔಟ್‌ಪುಟ್. ಬಲಗಾಲಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. 12 ವೋಲ್ಟ್ ಕೊಟ್ಟರೂ ಓಡುತ್ತೆ, ಆದರೆ ಹೆಚ್ಚಿನದೆಲ್ಲ ಶಾಖವಾಗಿ ಹೋಗುತ್ತೆ, ಐಸಿ ಮುಟ್ಟಿದರೆ ಚುರ್ರ್ ಅನ್ನುತ್ತೆ. ಪರದೆ ಮೇಲೆ ಅಡ್ಡಪಟ್ಟಿ ತೇಲಿದರೆ ಇನ್‌ಪುಟ್ ಕೆಪಾಸಿಟರ್ ಒಣಗಿದೆ, 1000 ಮೈಕ್ರೋಫ್ಯಾರಡ್ 25 ವೋಲ್ಟಿನದು ಹಾಕಿ. 7805, ಕೆಪಾಸಿಟರ್ ಎರಡೂ ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುತ್ತೆ.

ಬಿ_ಬಟನ್:
ಕರೆಂಟ್ ಸರಿಯಿದ್ದರೆ ಉಳಿದದ್ದು ಕೊಳೆ. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂಗೆ ಒಂದು ರೋಮ್ (ROM) ಚಿಪ್, ಚಿತ್ರಕ್ಕೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಪಿನ್. ಮ್ಯೂಸಿಕ್ ಓಡ್ತಾ ಚಿತ್ರ ಚಿಂದಿಯಾದರೆ ಚಿತ್ರದ ಸಾಲಿನ ಪಿನ್ ತಾಗ್ತಿಲ್ಲ. ಬೂದು ಪರದೆ ಅಂದ್ರೆ ಪ್ರೋಗ್ರಾಮೇ ಸಿಪಿಯುಗೆ ತಲುಪ್ತಿಲ್ಲ.

ಕಿವಿಗೆ ಹಾಕೋ ಹತ್ತಿ ಕಡ್ಡಿ, 99% ಐಸೋಪ್ರೊಪೈಲ್ ಆಲ್ಕೋಹಾಲ್. ಪಿನ್ನಿನ ಉದ್ದಕ್ಕೆ ಉಜ್ಜಿ, ಅಡ್ಡಡ್ಡ ಬೇಡ. ಹತ್ತಿ ಕಪ್ಪಾಗೋದು ನಿಲ್ಲೋವರೆಗೆ ಬದಲಾಯಿಸ್ತಾ ಹೋಗಿ. ಹೋಗದ ಕಲೆಗೆ ಪೆನ್ಸಿಲ್ ರಬ್ಬರ್. ಉಪ್ಪುಕಾಗದ ಮುಟ್ಟಬೇಡಿ, ಮೇಲಿನ ಲೇಪ ಹೋದರೆ ತಾಮ್ರ ಬೇಗ ಹಸಿರುಗಟ್ಟುತ್ತೆ. ಬಾಯಿಂದ ಊದೋದೂ ಬೇಡ, ಎಂಜಲಿನ ತೇವ ಅದೇ ಕೆಲಸ ಮಾಡುತ್ತೆ. (ಊದಿದಾಗ ಸರಿಹೋಗ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದಕ್ಕೆ!) ಸಾಕೆಟ್ಟಿನಲ್ಲಿ ಯಾವುದಾದರೂ ಪಿನ್ ಒಳಗೆ ಅಮುಕಿದ್ದರೆ, ಕರೆಂಟ್ ತೆಗೆದು, ಸೂಜಿಯಿಂದ ಕೂದಲೆಳೆಯಷ್ಟು ಮುಂದಕ್ಕೆ ಎತ್ತಿ.

ಸೋಲ್ಡರ್_ಹೊಗೆ:
ಟರ್ಬೊ ಎ ಕೆಲಸ ಮಾಡೋದರಿಂದ ವೈರ್, ಚಿಪ್ ಎರಡೂ ಬದುಕಿವೆ. ಎ ಕೆಳಗಿನ ಕಪ್ಪು ಕಾರ್ಬನ್ ಗುಂಡಿ ಮಾತ್ರ ಕೆಟ್ಟಿದೆ. ಆಲ್ಕೋಹಾಲ್ ತುಸು ಸೋಕಿಸಿ ಒರೆಸಿ ಸಾಕು, ತಿಕ್ಕಿದರೆ ಕಾರ್ಬನ್ನೇ ಬರುತ್ತೆ. ಎಲ್ಲಾ ಬಟನ್ ಒಟ್ಟಿಗೆ ಸತ್ತಾಗಷ್ಟೇ ವೈರ್ ನೋಡಬೇಕು, ಸಾಮಾನ್ಯವಾಗಿ ರಿಮೋಟಿನ ಕುತ್ತಿಗೆಯಲ್ಲೇ ತುಂಡಾಗಿರುತ್ತೆ.

ಡಬ್ಬಾಟಿವಿ:
ಗನ್ ಕೆಟ್ಟಿಲ್ಲ, ಟಿವಿ ತಪ್ಪು. ಡಕ್ ಹಂಟ್‌ನಲ್ಲಿ ಟ್ರಿಗರ್ ಎಳೆದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮಿನುಗುತ್ತೆ. ಗನ್ ಆ ಬೆಳಕನ್ನು ಅದೇ ಕ್ಷಣ ಕಾಣಬೇಕು. ಎಲ್‌ಇಡಿ ಟಿವಿ ಚಿತ್ರ ತಡವಾಗಿ ತೋರಿಸುತ್ತೆ. ಜೊತೆಗೆ ಮೂಲ ಗನ್ನಿನ ಸರ್ಕ್ಯೂಟು ಪಿಕ್ಚರ್ ಟ್ಯೂಬಿನ ಸುಮಾರು 15 ಕಿಲೋಹರ್ಟ್ಸ್ ಮಿಡಿತಕ್ಕೆ ಹೊಂದಿಸಿದ್ದು. ಸೆಟ್ಟಿಂಗ್ ಬದಲಿಸಿ ಉಪಯೋಗವಿಲ್ಲ, 14 ಇಂಚಿನ ಹಳೇ ಟ್ಯೂಬ್ ಟಿವಿ ಹುಡುಕಿ.

ಅಟ್ಟದಪೆಟ್ಟಿಗೆ:
ಉಜ್ಜಿದ ಮೇಲೆ ಮಾರಿಯೋ ಚಿತ್ರ ಸರಿಯಾಯ್ತು. 7805ರಲ್ಲಿ 4.98. ಬೂದು ಪರದೆಯದ್ದು ‘9999999 ಇನ್ 1’, ಅದು ಹಾಗೇ ಇದೆ.

ಬಿ_ಬಟನ್:
ಬೇರೆ ಕ್ಯಾಸೆಟ್ ಓಡಿದ್ದರಿಂದ ಪೆಟ್ಟಿಗೆ ಬಚಾವ್. ಅದನ್ನು ಬಿಚ್ಚಿ ನೋಡಿ: ಚಿಪ್ ಮುಚ್ಚಿರೋ ಕಪ್ಪು ಅಂಟಿನ ಬೊಟ್ಟು ಬಿರುಕು ಬಿಟ್ಟಿದ್ದರೆ ರಿಪೇರಿಯಾಗಲ್ಲ. ದುಃಖ ಬೇಡ, ಅದರಲ್ಲಿರೋದು ಬೆರಳೆಣಿಕೆಯ ಆಟ, ಅವನ್ನೇ ಬೇರೆ ಬೇರೆ ಲೆವೆಲ್‌ನಿಂದ ಶುರು ಮಾಡಿಸಿ ಪಟ್ಟಿ ಬೆಳೆಸಿರ್ತಾರೆ.