ಕಾಲೇಜು ಆಟಗಾರರ ಸಂಬಳ ಮತ್ತು ನಮ್ಮ ಮನೆಗಳ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಪೋಷಕರ ಈ ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ. ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳಿಗೆ ಹಣ ಕೊಡಬೇಕೇ ಎಂಬ ಚರ್ಚೆಯಲ್ಲಿ ಇದುವರೆಗೆ ಬರೆದವರಲ್ಲಿ ಹೆಚ್ಚಿನವರು, ಹದಿನೆಂಟರ ವಯಸ್ಸಿಗೇ ಕೈಯಲ್ಲಿ ಕಾಸು ಆಡತೊಡಗಿದರೆ ಓದು ಕೆಡುತ್ತದೆ, ಶಿಕ್ಷಣ ಉಚಿತವಾಗಿ ಸಿಗುತ್ತಿರುವಾಗ ಇನ್ನೇನು ಬೇಕು ಎಂಬ ನಿಲುವಿಗೆ ಬಂದಂತಿದೆ. ನನ್ನ ಅಭಿಪ್ರಾಯ ಬೇರೆ. ಹಣ ತರುವ ಆಟಗಳನ್ನು ಆಡುವವರಿಗೆ ಸಂಬಳ ಸಲ್ಲಲೇಬೇಕು. ಆದರೆ ಆ ಸಂಬಳ ನಮ್ಮ ಮಕ್ಕಳ ಕೈ ಸೇರುವುದು ಅಪರೂಪ. ಕೆಲವರಿಗಂತೂ ಈ ಹೊಸ ವ್ಯವಸ್ಥೆಯಿಂದ ನಷ್ಟವೇ ಆಗಬಹುದು.

ಮೊದಲು ಓದು ಕೆಡುವ ಮಾತನ್ನೇ ನೋಡೋಣ. ನಮ್ಮಲ್ಲಿ ಎಷ್ಟೋ ಮಂದಿ ಈ ದೇಶಕ್ಕೆ ಬಂದದ್ದೇ ಟೀಚಿಂಗ್ ಅಸಿಸ್ಟೆಂಟ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಕೆಲಸದ ಆಸರೆಯಿಂದ. ಶುಲ್ಕ ಮನ್ನಾ ಆಗುತ್ತಿತ್ತು, ಅದರ ಮೇಲೆ ತಿಂಗಳು ತಿಂಗಳು ಸ್ಟೈಪೆಂಡ್ ಬರುತ್ತಿತ್ತು, ವಾರಕ್ಕೆ ಇಪ್ಪತ್ತು ಗಂಟೆ ಲ್ಯಾಬ್‌ನಲ್ಲೋ ಉತ್ತರಪತ್ರಿಕೆಗಳ ರಾಶಿಯ ಮುಂದೋ ಕಳೆಯುತ್ತಿತ್ತು. ಉಚಿತ ಶಿಕ್ಷಣವೇ ಸಾಕು, ಸ್ಟೈಪೆಂಡ್ ಬೇಡ ಎಂದು ಅದನ್ನು ಹಿಂದಿರುಗಿಸಿದವರನ್ನು ನಾನು ಕಾಣೆ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ ಕಾಲೇಜು ಆಟಗಾರರ ಕಡ್ಡಾಯ ಅಭ್ಯಾಸಕ್ಕೂ ಪಂದ್ಯಾವಳಿಯ ಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯೇ ಮಿತಿ. ಪ್ರಯಾಣ, ಗಾಯಗಳ ಆರೈಕೆ, 'ಸ್ವಇಚ್ಛೆಯ' ವ್ಯಾಯಾಮ ಇವೆಲ್ಲ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಕೆಲವರು ಕ್ಯಾಂಪಸ್ಸಿನ ಊಟದ ಹಾಲ್‌ನಲ್ಲಿ ಗಂಟೆಗಿಷ್ಟು ಎಂದು ಕೆಲಸ ಮಾಡುತ್ತಿದ್ದರು, ಅಲ್ಲಿ ವಿದ್ಯಾರ್ಥಿ ಕೆಲಸಗಾರರಿಗೆ ಕಾರ್ಮಿಕ ಸಂಘವೂ ಇತ್ತು. ತಟ್ಟೆ ಎತ್ತಿದರೆ ಕೂಲಿ, ಕಾಲೇಜಿನ ಹೆಸರು ಹೊತ್ತು ಆಡಿದರೆ ಏನೂ ಇಲ್ಲ ಎಂಬುದು ಸಹಜವಾಗಿಯೇ ಅವರಿಗೆ ವಿಚಿತ್ರವಾಗಿ ಕಂಡಿತು. 2024ರ ಮಾರ್ಚ್‌ನಲ್ಲಿ ತಂಡವು 13–2 ಮತಗಳಿಂದ ಸಂಘ ಕಟ್ಟಲು ತೀರ್ಮಾನಿಸಿತಾದರೂ, ವರ್ಷದ ಕೊನೆಗೆ ಸಂಘದ ಮಾನ್ಯತೆಗಾಗಿ ಕೊಟ್ಟಿದ್ದ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇದು ಬರೀ ಆಟ, ವ್ಯಾಪಾರವಲ್ಲ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದರ ಪ್ರಸಾರದ ಹಕ್ಕಿಗೆ 2032ರವರೆಗಿನ ಎಂಟು ವರ್ಷಗಳಿಗೆ 880 ಕೋಟಿ ಡಾಲರ್ ಒಪ್ಪಂದವಾಗಿದೆ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರಲ್ಲಿ ತನ್ನ ಅಮೆರಿಕನ್ ಫುಟ್‌ಬಾಲ್ ತರಬೇತುದಾರ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆದುಹಾಕಿದಾಗ, ಕೆಲಸ ಮಾಡದಿರುವುದಕ್ಕಾಗಿಯೇ ಅವರಿಗೆ ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಗಿ ಬಂತು. ತರಬೇತುದಾರನಿಗೆ ಮಾರುಕಟ್ಟೆಯ ಬೆಲೆ, ಮೈಮೂಳೆ ಮುರಿದುಕೊಳ್ಳುವ ಹುಡುಗನಿಗೆ ಮಾತ್ರ ಕ್ರೀಡಾ ಮನೋಭಾವ! ಇನ್ನೊಂದು ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನ್ನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಕೆಲಸದ ವೇಳೆ ಸತ್ತವರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವರ ಪತ್ನಿ ಕೇಳಿದಾಗ, ಕಾಲೇಜು ಫುಟ್‌ಬಾಲ್ ವ್ಯವಹಾರ ನಡೆಸುತ್ತಿಲ್ಲ ಎಂಬ ಕಾರಣ ಕೊಟ್ಟು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ನಿರಾಕರಿಸಿತು. ಸಂಬಳದ ಪ್ರಶ್ನೆಯನ್ನು ನಾವು ದುಂದುಗಾರಿಕೆಯ ಪ್ರಶ್ನೆಯಾಗಿ ನೋಡುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಮೊದಲಿಗೆ ಇಂಥ ಪರಿಹಾರದ, ವಿಮೆಯ, ಹೊಣೆಗಾರಿಕೆಯ ಪ್ರಶ್ನೆ.

ಕಾನೂನು ಬದಲಾದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಯುಸಿಎಲ್‌ಎ ತಂಡದ ಮಾಜಿ ಆಟಗಾರ ಎಡ್ ಒಬ್ಯಾನನ್ ವಿಡಿಯೊ ಗೇಮ್ ಒಂದರಲ್ಲಿ ತಮ್ಮದೇ ಪ್ರತಿರೂಪವನ್ನು ಕಂಡು ಹೂಡಿದ ದಾವೆಯಿಂದ ಬಾಗಿಲು ಸ್ವಲ್ಪ ತೆರೆಯಿತು. 2021ರ ಜೂನ್‌ನಲ್ಲಿ ಆಟಗಾರರಿಗೆ ಸಿಗುವ ಶೈಕ್ಷಣಿಕ ನೆರವಿನ ಮಿತಿಯನ್ನು ಪ್ರಶ್ನಿಸಿದ ಆಲ್ಸ್ಟನ್ ಪ್ರಕರಣದಲ್ಲಿ ದೇಶದ ಸುಪ್ರೀಂ ಕೋರ್ಟ್ ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಮರುತಿಂಗಳೇ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅವಕಾಶವಾಯಿತು; ಇದನ್ನೇ ಎನ್‌ಐಎಲ್ ಎನ್ನುತ್ತಾರೆ. ಕೊನೆಗೆ 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಯಂತೆ, ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲುತ್ತದೆ, ಮತ್ತು 2025–26ರ ಸಾಲಿನಿಂದ ಒಂದೊಂದು ವಿಶ್ವವಿದ್ಯಾಲಯವೂ ಒಂದು ಮಿತಿಯೊಳಗೆ (ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ) ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಇಷ್ಟಾದರೂ ಆಟಗಾರರು ಉದ್ಯೋಗಿಗಳಲ್ಲ ಎಂಬ ಹಟವನ್ನು ಎನ್‌ಸಿಎಎ ಬಿಟ್ಟಿಲ್ಲ.

ನಮ್ಮ ಮನೆಗಳ ಲೆಕ್ಕ ಶುರುವಾಗುವುದು ಇಲ್ಲಿ. ದೊಡ್ಡ ತಂಡಗಳಲ್ಲಿ ಈ ಹಣದ ಮುಕ್ಕಾಲು ಭಾಗ ಫುಟ್‌ಬಾಲ್‌ಗೆ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಪುರುಷರ ಬಾಸ್ಕೆಟ್‌ಬಾಲ್‌ಗೆ. ನಮ್ಮ ಮಕ್ಕಳು ಆಡುವುದು ಟೆನಿಸ್, ಈಜು, ಗಾಲ್ಫ್, ಫೆನ್ಸಿಂಗ್. ಇವು ಹಣ ತರುವ ಆಟಗಳಲ್ಲ. ಇಷ್ಟು ವರ್ಷ ಫುಟ್‌ಬಾಲ್ ಗಳಿಸಿದ್ದರಲ್ಲೇ ನಡೆದುಕೊಂಡು ಬಂದ ಆಟಗಳು. ನಾವು ಮುಂಜಾನೆ ಐದಕ್ಕೆ ಎದ್ದು ಮಗಳನ್ನು ಈಜುಕೊಳಕ್ಕೆ ಬಿಡುವಾಗ ನಂಬಿಕೊಂಡ ಸ್ಕಾಲರ್‌ಶಿಪ್‌ನ ಹಿಂದೆ ಬೇರೊಬ್ಬ ತಾಯಿಯ ಮಗನ ಬೆವರಿತ್ತು ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ವಾಸ್ತವ ಹಾಗೇ ಇದೆ. ಹೌಸ್ ರಾಜಿಯಲ್ಲಿ ಸ್ಕಾಲರ್‌ಶಿಪ್‌ಗಳ ಸಂಖ್ಯೆಯ ಮಿತಿಯನ್ನು ತೆಗೆದು ತಂಡದ ಗಾತ್ರಕ್ಕೆ ಮಿತಿ ಹಾಕಲಾಗಿದೆ: ಪುರುಷರ ಟೆನಿಸ್‌ಗೆ 10, ಈಜಿಗೆ 30. ಕಾಗದದ ಮೇಲೆ ಇದು ಲಾಭ, ಏಕೆಂದರೆ ಹಿಂದೆ ಪುರುಷರ ಟೆನಿಸ್ ತಂಡವೊಂದಕ್ಕೆ ನಾಲ್ಕೂವರೆ ಸ್ಕಾಲರ್‌ಶಿಪ್‌ಗಳಷ್ಟೇ ಇದ್ದವು. ಆದರೆ ಅದಕ್ಕೆ ಹಣ ಒದಗಿಸುವ ಇಷ್ಟ ವಿಶ್ವವಿದ್ಯಾಲಯಕ್ಕಿರಬೇಕು. ಸ್ಕಾಲರ್‌ಶಿಪ್ ಇಲ್ಲದೆಯೂ ತಂಡದ ಕೊನೆಯ ಸಾಲಿನಲ್ಲಿ ಜಾಗ ಪಡೆದು, ಆ ಹೆಸರಿನಿಂದ ಒಳ್ಳೆಯ ವಿಶ್ವವಿದ್ಯಾಲಯ ಸೇರುತ್ತಿದ್ದವರಿಗೆ ಈ ಮಿತಿಯ ಪೆಟ್ಟು ಮೊದಲು ಬೀಳುತ್ತದೆ. ನಮ್ಮ ಮಕ್ಕಳಲ್ಲಿ ಅಂಥವರೇ ಹೆಚ್ಚು. ಭಾರತದ ಟೆನಿಸ್ ಆಟಗಾರ ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆ ಮಟ್ಟ ಮುಟ್ಟುವವರು ಎಷ್ಟು ಮಂದಿ?

ವೀಸಾದ ವಿಷಯ ಇದಕ್ಕಿಂತಲೂ ಜಟಿಲ, ಮತ್ತು ಈ ಗುಂಪಿನಲ್ಲಿ ಅದನ್ನು ಯಾರೂ ಎತ್ತಿಲ್ಲವೆಂಬುದು ನನಗೆ ಆಶ್ಚರ್ಯ ತಂದಿದೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಯಾವ ತೊಡಕೂ ಇಲ್ಲ. ಆದರೆ ಎರಡು ಮೂರರ ವಯಸ್ಸಿನಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನಮ್ಮ ಕೈಹಿಡಿದು ಬಂದು, ಗ್ರೀನ್ ಕಾರ್ಡ್ ಸರದಿಯಲ್ಲೇ ಬೆಳೆದ ಮಕ್ಕಳು ಎಚ್–4 ವೀಸಾದಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಇರುತ್ತಾರೆ, ಇಪ್ಪತ್ತೊಂದು ತುಂಬುವ ಹೊತ್ತಿಗೆ ಎಷ್ಟೋ ಮಂದಿ ವಿದ್ಯಾರ್ಥಿ ವೀಸಾವಾದ ಎಫ್–1ಕ್ಕೆ ಬದಲಾಗುತ್ತಾರೆ. ಎಚ್–4ರಲ್ಲಿ ಕೆಲಸದ ಅನುಮತಿ ಸಿಗುವುದು ಕೆಲವು ಸಂಗಾತಿಗಳಿಗೆ ಮಾತ್ರ, ಮಕ್ಕಳಿಗಲ್ಲ. ಎಫ್–1ರಲ್ಲಿ ಕ್ಯಾಂಪಸ್ಸಿನೊಳಗಿನ ಕೆಲಸ ಬಿಟ್ಟರೆ ದುಡಿಮೆಗೆ ಅವಕಾಶ ಬಹಳ ಕಡಿಮೆ. ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದ ಆಸ್ಕರ್ ಶೀಬ್ವೆ ಕಾಂಗೊ ದೇಶದವರು. ಅಮೆರಿಕದ ನೆಲದಲ್ಲಿ ಎನ್‌ಐಎಲ್ ಕೆಲಸ ಮಾಡಿದರೆ ವೀಸಾಕ್ಕೆ ತೊಂದರೆಯಾದೀತೆಂದು, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ಜಾಹೀರಾತಿನ ಕೆಲಸ ಮುಗಿಸಿಕೊಂಡರು. ನಾನು ಬಯಸುವಂತೆ ಆಟಗಾರರನ್ನು ನಾಳೆ ಉದ್ಯೋಗಿಗಳೆಂದೇ ಒಪ್ಪಿಕೊಂಡರೆ, ಎಚ್–4 ಮಗುವಿಗೆ ತಂಡದಲ್ಲಿ ಆಡುವುದೇ ಅನುಮತಿಯಿಲ್ಲದ ಕೆಲಸವಾಗುವ ಅಪಾಯವಿದೆ. ನನ್ನ ವಾದಕ್ಕೆ ನನಗೇ ತೋರುವ ದೊಡ್ಡ ಅಡ್ಡಿ ಇದು. ಆದರೂ ವಲಸೆ ಕಾನೂನಿನ ಕೊರತೆಯನ್ನು ವಲಸೆ ಕಾನೂನಿನಲ್ಲಿಯೇ ಸರಿಪಡಿಸಬೇಕೇ ಹೊರತು, ಅದಕ್ಕಾಗಿ ಅಲಬಾಮಾದ ಫುಟ್‌ಬಾಲ್ ಆಟಗಾರನ ಕೂಲಿಯನ್ನು ತಡೆಹಿಡಿಯುವುದು ನ್ಯಾಯವಲ್ಲ.

ಟೆನಿಸ್ ಮಕ್ಕಳ ಪೋಷಕರು ಇನ್ನೊಂದು ವಿಷಯ ಗಮನಿಸಬೇಕು. ಜಾಹೀರಾತಿನಿಂದ ಎಷ್ಟಾದರೂ ಗಳಿಸಬಹುದು ಎಂದ ಎನ್‌ಸಿಎಎ, ಕಾಲೇಜು ಸೇರುವ ಮುನ್ನ ಟೆನಿಸ್ ಆಟಗಾರರು ಗೆದ್ದ ಬಹುಮಾನದ ಹಣಕ್ಕೆ ಮಾತ್ರ ಖರ್ಚು ಬಿಟ್ಟು ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗಳ ಮಿತಿ ಇಟ್ಟುಕೊಂಡಿತ್ತು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಆಟಗಾರ್ತಿ ರೀಸ್ ಬ್ರಾಂಟ್‌ಮಯರ್ ಇದರ ವಿರುದ್ಧ 2024ರಲ್ಲಿ ನ್ಯಾಯಾಲಯಕ್ಕೆ ಹೋದರು. ಶೂ ಕಂಪನಿಯ ಹಣ ಶುದ್ಧ, ಅಂಕಣದಲ್ಲಿ ಗೆದ್ದ ಹಣ ಮೈಲಿಗೆ ಎಂಬ ಈ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಹೈಸ್ಕೂಲಿನಲ್ಲೇ ಎನ್‌ಐಎಲ್‌ಗೆ ಅವಕಾಶ ಕೊಡುವ ರಾಜ್ಯಗಳು ಈಗ ಹಲವು. ಆದ್ದರಿಂದ ಯಾರಾದರೂ ಏಜೆಂಟ್ ನಿಮ್ಮ ಮನೆಗೇ ಒಪ್ಪಂದ ಹಿಡಿದು ಬಂದರೆ ಮೂರು ಸಂಗತಿ ನೋಡಿ: ಮಗುವಿನ ಹೆಸರು ಮತ್ತು ಚಿತ್ರದ ಹಕ್ಕು ಎಷ್ಟು ವರ್ಷ ಅವರ ಬಳಿ ಇರುತ್ತದೆ, ಮುಂದಿನ ಗಳಿಕೆಯಲ್ಲಿ ಅವರ ಪಾಲೆಷ್ಟು, ಗಾಯವಾಗಿ ಆಟ ನಿಂತರೆ ಕೊಟ್ಟ ಹಣ ಹಿಂದಿರುಗಿಸಬೇಕೇ. ಸ್ಕಾಲರ್‌ಶಿಪ್‌ನಲ್ಲಿ ಬೋಧನಾ ಶುಲ್ಕದ ಭಾಗಕ್ಕೆ ಸಾಮಾನ್ಯವಾಗಿ ತೆರಿಗೆಯಿಲ್ಲ, ಆದರೆ ಎನ್‌ಐಎಲ್ ಹಣಕ್ಕೆ ಆದಾಯ ತೆರಿಗೆ ಇದೆ, ಅದು ಕಾಲೇಜಿನ ಆರ್ಥಿಕ ನೆರವಿನ ಲೆಕ್ಕಕ್ಕೂ ಬರುತ್ತದೆ. ಎಚ್–4 ಅಥವಾ ಎಫ್–1 ಮಕ್ಕಳಿದ್ದವರು ಏಜೆಂಟರ ಮಾತಿನ ಮೇಲೆ ಸಹಿ ಹಾಕದೆ, ಮೊದಲು ವಲಸೆ ವಕೀಲರ ಬಳಿ ಒಪ್ಪಂದವನ್ನು ಓದಿಸಿ. ಈ ಗುಂಪಿನಲ್ಲಿ ಆ ವೃತ್ತಿಯವರು ಇದ್ದರೆ, ಎಚ್–4 ಮಕ್ಕಳ ವಿಷಯದಲ್ಲಿ ದಯವಿಟ್ಟು ಬರೆಯಬೇಕೆಂದು ಕೋರುತ್ತೇನೆ.